ಬಾಡಿಗೆ ಬಂದೂಕಿಗೆ ಬೀಗರಿಲ್ಲ

ಕಳೆದ ಮೇ ತಿಂಗಳಲ್ಲಿ ನಮ್ಮ ಮೇಡಂ ನಿವೃತ್ತರಾದರು. ಅಮೆರಿಕದ ಉತ್ತರ ಜೆರ್ಸಿಯ ಒಂದು ಸರ್ಕಾರಿ ಕಾಲೇಜಿನಲ್ಲಿ ಮೂವತ್ತು ವರ್ಷಗಳಷ್ಟು ಕಾಲ ರಾಜ್ಯಶಾಸ್ತ್ರ ಕಲಿಸಿದವರು ಅವರು. ಬೀಳ್ಕೊಡುಗೆಯ ಊಟದಲ್ಲಿ ಯಾರೂ ಭಾಷಣ ಮಾಡಕೂಡದು ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದರು. "ಯಾರರ ಭಾಷಣ ಸುರು ಮಾಡಿದ್ರ ನಾ ಎದ್ದು ಬಸ್ ಹತ್ತಿ ಮನಿಗೆ ಹೋಗ್ತೀನಿ" ಎಂದು ನನಗೂ ಎಚ್ಚರಿಕೆ ಕೊಟ್ಟಿದ್ದರು. ಹಾಗಾಗಿ ಎಲ್ಲರೂ ಕೇಕ್ ತಿಂದು, ಕೈಕುಲುಕಿ ಬಂದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದ ನನ್ನ ಮಾತುಗಳು ಹಾಗೇ ಉಳಿದವು. ಈಗ ಬರೆಯುತ್ತಿರುವುದು ಅವನ್ನೇ. ಹೆಸರು ಹಾಕಿದರೆ ಸಿಟ್ಟಾಗುತ್ತಾರೆ, ಹಾಕುವುದಿಲ್ಲ.

ಮೇಡಂ ಅವರದು ಧಾರವಾಡದ ಕಡೆ. ಗಿಡ್ಡ ದೇಹ, ದುಂಡು ಮುಖ, ಪ್ಯಾಂಟಿನ ಮೇಲೊಂದು ದೊಗಳೆ ಸ್ವೆಟರ್, ಹಣೆಯ ಮೇಲೆ ಅಗಲವಾದ ಕುಂಕುಮ. ನೋಡಿದವರು ಈಕೆ ಅಡುಗೆಯ ಕ್ಲಾಸ್ ನಡೆಸುತ್ತಾರೇನೋ ಅಂದುಕೊಳ್ಳಬೇಕು. ಅವರು ಜೀವಮಾನವಿಡೀ ಓದಿದ್ದು, ಕಲಿಸಿದ್ದು ಮಾತ್ರ ಬಂದೂಕಿನ ವಿಷಯ. ಸೈನಿಕರು ಎದ್ದು ಸರ್ಕಾರವನ್ನು ಉರುಳಿಸುವುದು ಹೇಗೆ, ಉರುಳಿಸಲು ಹೋಗಿ ತಾವೇ ಉರುಳಿ ಬೀಳುವುದು ಏಕೆ. ಪತ್ರಿಕೆಯವರು ಇದಕ್ಕೆ ಕ್ಷಿಪ್ರಕ್ರಾಂತಿ ಎನ್ನುತ್ತಾರೆ. ಮೇಡಂಗೆ ಆ ಶಬ್ದ ಸೇರುತ್ತಿರಲಿಲ್ಲ. "ಕ್ರಾಂತಿ ಎಲ್ಲಿ ಬಂತವಾ ಅದರಾಗ? ಕುರ್ಚಿ ಒಂದ, ಕುಂದ್ರಾವ್ರು ಬ್ಯಾರೆ, ಅಷ್ಟ" ಎನ್ನುತ್ತಿದ್ದರು.

ನಾನು ಅವರ ಕ್ಲಾಸಿಗೆ ಸೇರಿದ್ದು ಬಸ್ಸಿನ ಟೈಮಿಂಗ್ ನೋಡಿ. ಮದುವೆಯಾಗಿ ಮೈಸೂರಿನಿಂದ ಸೀಕಾಕಸ್‌ಗೆ ಬಂದ ಹೊಸತು. ಗಂಡ ಬೆಳಿಗ್ಗೆ ಟ್ರೈನ್ ಹಿಡಿದು ಮ್ಯಾನ್‌ಹಟನ್‌ಗೆ ಹೋಗಿಬಿಡುತ್ತಿದ್ದರು. ನನ್ನದು ಡಿಪೆಂಡೆಂಟ್ ವೀಸಾ. ಕೆಲಸ ಮಾಡುವ ಹಾಗಿಲ್ಲ, ಓದಬಹುದು. ನನಗೆ ಸಿಗುವ ಬಸ್ಸಿಗೆ ಸರಿಹೋಗುವ ಕ್ಲಾಸ್ ಯಾವುದಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಇದು. ಮೊದಲ ದಿನ ಕಾರಿಡಾರಿನಲ್ಲಿ ನಿಂತು ಅಮ್ಮನ ಹತ್ತಿರ ಫೋನಿನಲ್ಲಿ, "ಯಾವುದೋ ದಂಗೆ, ಸೈನ್ಯ ಅಂತ ಇದೆ ಕಣಮ್ಮ, ಅರ್ಥ ಆಗದೆ ಇದ್ರೆ ಡ್ರಾಪ್ ಮಾಡ್ತೀನಿ" ಎನ್ನುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಯಾವ ಊರವಾ ನಿಂದು?"

ಬೆಚ್ಚಿ ತಿರುಗಿದೆ. "ಮೈಸೂರು ಮೇಡಂ."

"ಅಂದ್ರ ಅರಸರ ಊರಿನಾಕಿ. ಹಂಗಾರ ಡ್ರಾಪ್ ಮಾಡಬ್ಯಾಡ. ಅರಸರು ಹೆಂಗ ಉಳೀತಾರ, ಹೆಂಗ ಇಳೀತಾರ, ಎರಡೂ ಹೇಳಿಕೊಡ್ತೀನಿ, ಬಾ."

ಹೇಳಿಕೊಟ್ಟ ರೀತಿಯೇ ಬೇರೆ. ಒಂದು ದಿನ ಕ್ಲಾಸಿಗೆ ಬಂದವರೇ, "ಇವತ್ತು ನಾನು ಈ ಕೋಣೆಯ ಸರ್ವಾಧಿಕಾರಿ, ನಿಮಗೆ ಬ್ರೇಕ್ ಇಲ್ಲ" ಎಂದು ಇಂಗ್ಲಿಷಿನಲ್ಲಿ ಘೋಷಿಸಿದರು. ನಂತರ ನಿಯಮ ಹೇಳಿದರು. ತಾವು ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಾರೆ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎದ್ದು ಹೊರಗೆ ಹೋದರೆ ಸರ್ಕಾರ ಬಿತ್ತು, ಎಲ್ಲರಿಗೂ ಬ್ರೇಕ್, ಮುಂದಿನ ವಾರ ಮನೆಯಿಂದ ಸಮೋಸ. ಅದಕ್ಕಿಂತ ಕಡಿಮೆ ಜನ ಹೋದರೆ ಹೋದವರೆಲ್ಲ ಒಂದೊಂದು ಪ್ರಬಂಧ ಹೆಚ್ಚಾಗಿ ಬರೆಯಬೇಕು. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ.

ಅವರು ಬೆನ್ನು ತಿರುಗಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಒಬ್ಬ ಅರ್ಧ ಎದ್ದು, ಯಾರೂ ಏಳದ್ದನ್ನು ಕಂಡು, ಪೆನ್ನು ಬಿದ್ದಿತ್ತೇನೋ ಎಂಬಂತೆ ನೆಲ ನೋಡಿ ಮತ್ತೆ ಕುಳಿತ. ಮೇಡಂ ತಿರುಗಿ ನೋಡಿದಾಗ ಎಲ್ಲರೂ ಕುರ್ಚಿಯಲ್ಲೇ ಇದ್ದೆವು.

"ಎಷ್ಟು ಜನಕ್ಕೆ ಹೊರಗೆ ಹೋಗಬೇಕಿತ್ತು? ಕೈ ಎತ್ತಿ" ಎಂದರು. ಎಲ್ಲರ ಕೈಯೂ ಮೇಲೆ ಹೋಯಿತು.

"ಹಾಗಿದ್ದರೆ ನಿಮ್ಮನ್ನು ಕೂರಿಸಿದ್ದು ಯಾರು? ನಾನಂತೂ ಗೋಡೆ ನೋಡುತ್ತಿದ್ದೆ."

ಎರಡನೆಯ ಸಲ ಆಟ ಆಡಿದಾಗ ಕೊನೆಯ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ದಢಾರನೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಯಾರನ್ನೂ ನೋಡಲಿಲ್ಲ. ಎಲ್ಲರೂ ಹೊರಟೇಬಿಟ್ಟಿದ್ದಾರೆ ಎಂಬ ಗತ್ತಿನಲ್ಲಿ ಕೋಟು ಹಾಕಿಕೊಂಡು, ಬಾಗಿಲು ಪೂರ್ತಿ ತೆರೆದು, ಹಿಡಿದು ನಿಂತಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೋಣೆ ಖಾಲಿ. ಅವಳೇ ಲೆನಾ. ರಷ್ಯದ ದಕ್ಷಿಣದ ಒಂದು ದೊಡ್ಡ ಊರಿನವಳು, ನನ್ನ ಹಾಗೇ ಗಂಡನ ಹಿಂದೆ ಬಂದವಳು. ಅವತ್ತಿನಿಂದ ನನಗೆ ಗೆಳತಿಯಾದಳು. ಮುಂದಿನ ವಾರ ಸಮೋಸ ಬಂತು. ಸಮೋಸ ತಿನ್ನುತ್ತಿದ್ದ ನಮಗೆ ಮೇಡಂ ಪಾಠದ ಸಾರ ಹೇಳಿದರು. ಸರ್ಕಾರ ಬೀಳುವುದು ಗುಂಡಿನಿಂದಲ್ಲ. ಅದು ಈಗಾಗಲೇ ಬಿದ್ದಿದೆ ಎಂದು ಪ್ರತಿಯೊಬ್ಬನೂ ಪಕ್ಕದವನ ಮುಖದಲ್ಲಿ ಓದಿಕೊಂಡ ಗಳಿಗೆಯಲ್ಲಿ ಬೀಳುತ್ತದೆ. ದಂಗೆಕೋರನ ನಿಜವಾದ ಕೆಲಸ ಆ ನಂಬಿಕೆಯನ್ನು ಹುಟ್ಟಿಸುವುದು.

ಈ ವಿದ್ಯೆ ನನಗೆ ಉಪಯೋಗಕ್ಕೂ ಬಂತು. ವರ್ಕ್ ಪರ್ಮಿಟ್ ಸಿಕ್ಕಿ ನಾನು ಸೀಕಾಕಸ್‌ನಲ್ಲೇ ಒಂದು ಗೋದಾಮಿನ ಆಫೀಸಿಗೆ ಸೇರಿದ ಮೇಲೆ, ಅಲ್ಲಿನ ಮ್ಯಾನೇಜರ್ ವಾರಕ್ಕೊಂದು ಸಲ ಎಲ್ಲರ ಶಿಫ್ಟ್ ಬದಲಾಯಿಸಿ ಜೀವ ಹಿಂಡುತ್ತಿದ್ದ. ಮೇಡಂಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ.

"ನೀ ಒಬ್ಬಾಕಿನ ಹೋಗಿ ಹೇಳಿದ್ರ ಅದು ದೂರು ಆಗ್ತೈತಿ. ಎಲ್ಲಾರೂ ಕೂಡಿ ಹೇಳಿದ್ರ ಅದು ಸುದ್ದಿ ಆಗ್ತೈತಿ. ಮೊದಲ ಎಲ್ಲಾರನ್ನೂ ಒಂದ ಕಡೆ ಕೂಡಿಸಿ ಚಾ ಕುಡಸು. ಅವ್ರು ಒಬ್ರ ಮಾರಿ ಒಬ್ರು ನೋಡ್ಲಿ" ಎಂದರು. ಹಾಗೇ ಮಾಡಿದೆವು. ಮ್ಯಾನೇಜರ್ ಇನ್ನೂ ಅಲ್ಲೇ ಇದ್ದಾನೆ. ಶಿಫ್ಟ್ ಮಾತ್ರ ಬದಲಾಗುವುದು ನಿಂತಿತು. ಆ ಮಟ್ಟಿಗೆ ಗೆದ್ದೆವು.

ಫೋರ್ಟ್ ಲೀಯ ಒಂದು ಎತ್ತರದ ಕಟ್ಟಡದಲ್ಲಿ ಮೇಡಂ ಮನೆ. ಅಡುಗೆಮನೆಯ ಕಿಟಕಿಯಿಂದ ಮ್ಯಾನ್‌ಹಟನ್‌ಗೆ ಹೋಗುವ ಸೇತುವೆ ಕಾಣುತ್ತದೆ. ಶನಿವಾರ ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವರ ಯಜಮಾನರು ಗಣಿತದ ಮೇಷ್ಟರಾಗಿದ್ದವರು, ಮೆದು ಮಾತಿನವರು. ಬೆಳ್ಳುಳ್ಳಿ ಸುಲಿಯುವುದು ಅವರ ಪಾಲಿನ ಕೆಲಸ. ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಮುದುಕಿಯೊಬ್ಬರು ಒಮ್ಮೆ ಮ್ಯಾನೇಜ್‌ಮೆಂಟಿಗೆ ದೂರು ಕೊಟ್ಟಿದ್ದರಂತೆ. ಮೇಡಂ ಆಕೆಯನ್ನು ಮೇಲಕ್ಕೆ ಕರೆದು, ಕೂರಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರು. ಆಮೇಲೆ ಒಂದು ಶನಿವಾರ ಸದ್ದು ಬರದಿದ್ದರೆ ಆಕೆ ತಾವೇ ಫೋನ್ ಮಾಡಿ, ಹುಷಾರಾಗಿದ್ದೀರಾ ಎಂದು ವಿಚಾರಿಸುತ್ತಿದ್ದರು.

ಈ ವಿಷಯಕ್ಕೆ ಬಿದ್ದದ್ದು ಹೇಗೆ ಎಂದು ನಾನು ಕೇಳಿದ್ದು ಅಂಥ ಒಂದು ಶನಿವಾರ. ರೊಟ್ಟಿ ಬಡಿಯುತ್ತಲೇ ಹೇಳಿದರು. ಅಮೆರಿಕಕ್ಕೆ ಬರುವ ಮೊದಲು ದಂಪತಿಗಳು ಆಫ್ರಿಕದ ಪಶ್ಚಿಮ ಕರಾವಳಿಯ ಒಂದು ಪುಟ್ಟ ದೇಶದಲ್ಲಿದ್ದರು. ಯಜಮಾನರು ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮೇಡಂ ವಾರಕ್ಕೊಮ್ಮೆ ರೇಡಿಯೋದಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದರು. ಅಲ್ಲಿನ ಅಧ್ಯಕ್ಷ ತನ್ನ ಸೈನ್ಯದ ಮೇಲೇ ನಂಬಿಕೆಯಿಲ್ಲದೆ, ಕಾವಲಿಗೆ ಹೊರದೇಶದ ಬಾಡಿಗೆ ಸೈನಿಕರನ್ನು ತಂದಿಟ್ಟುಕೊಂಡಿದ್ದ. ಆ ಸೈನಿಕರ ಮುಖಂಡನನ್ನು ಯಾವುದೋ ಜಗಳದಲ್ಲಿ ಅಧ್ಯಕ್ಷ ಕಿತ್ತುಹಾಕಿದ. ಮಾರನೆಯ ಬೆಳಿಗ್ಗೆ ಆ ಸೈನಿಕರು ಅಧ್ಯಕ್ಷನ ಅರಮನೆಗೆ ಬೀಗ ಹಾಕಿ, ನೇರವಾಗಿ ರೇಡಿಯೋ ಸ್ಟೇಷನ್ನಿಗೆ ನುಗ್ಗಿದರು. ಮೇಡಂ ಅಲ್ಲೇ ಇದ್ದರು, ಕಥೆಯ ಪುಸ್ತಕ ಹಿಡಿದುಕೊಂಡು.

"ನನ್ನ ಮೂಲ್ಯಾಗ ಕುಂದ್ರಿಸಿ ಸುಮ್ನಿರು ಅಂದ್ರು. ಅಷ್ಟೊತ್ತು ನಾ ಬಾಯಿ ಮುಚ್ಚಿ ಕುಂತಿದ್ದು ಅದ ಮೊದಲು, ಅದ ಕಡೀಕ. ಕೇಳ್ ಬೇಕಾರ ಇವ್ರನ್ನ."

ಯಜಮಾನರು ಬೆಳ್ಳುಳ್ಳಿಯಿಂದ ತಲೆಯೆತ್ತದೆ, "ಖರೇನ ಅದು" ಎಂದರು.

ಅಲ್ಲಿನ ಅನೌನ್ಸರ್ ಫುಟ್‌ಬಾಲ್ ಕಾಮೆಂಟರಿಗೆ ಹೆಸರಾದವನು. ಅವನ ಗಂಟಲು ಇಡೀ ದೇಶಕ್ಕೆ ಗೊತ್ತು. 'ಸರ್ಕಾರ ಬಿದ್ದಿದೆ, ದೇಶದ ಸೈನ್ಯವೆಲ್ಲ ನಮ್ಮ ಜೊತೆಗಿದೆ' ಎಂದು ಓದು ಎಂದು ಅವನ ಕಿವಿಯ ಹತ್ತಿರ ಬಂದೂಕು ಹಿಡಿದರು. ಅವನು ಓದಿದ. ಆದರೆ ಗೋಲ್ ಎಂದು ಕೂಗಿ ಊರೆಬ್ಬಿಸುತ್ತಿದ್ದ ಆ ಗಂಟಲಿನಿಂದ ಇಲಿಮರಿಯ ದನಿ ಹೊರಟಿತು. ನಡುಗಿದ, ನೀರು ಕುಡಿದ, ಓದಿದ ಸಾಲನ್ನೇ ಮತ್ತೆ ಓದಿದ. ಊರಾಚೆಯ ದಂಡಿನಲ್ಲಿ ರೇಡಿಯೋ ಹಚ್ಚಿ ಕುಳಿತಿದ್ದ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಮುಗಿದಿದ್ದರೆ ಇವನೇಕೆ ಹೀಗೆ ನಡುಗುತ್ತಾನೆ? ಯಾರೂ ಕದಲಲಿಲ್ಲ. ಮಧ್ಯಾಹ್ನದವರೆಗೂ ಕಾದ ಬಾಡಿಗೆ ಸೈನಿಕರಿಗೆ ಯಾರೂ ತಮ್ಮ ಜೊತೆ ಬರುವುದಿಲ್ಲ ಎಂದು ಗೊತ್ತಾಯಿತು. ಒಂದು ವಿಮಾನ ಕೇಳಿ, ಹತ್ತಿ, ಹೊರಟುಹೋದರು.

"ಅಂವಗ ಸರ್ಕಾರ ಪದಕ ಕೊಟ್ಟಿತು. ಬೇಕಂತ ಹಂಗ ಓದಿದಿ ಏನಪ್ಪಾ ಅಂತ ನಾನ ಕೇಳ್ದೆ. 'ಇಲ್ಲ ತಾಯಿ, ಹೆದರಿಕಿಗೆ ದನೀನ ಬರಲಿಲ್ಲ' ಅಂದ. ಅಂವ ಸುಳ್ಳು ಹೇಳಲಿಲ್ಲ. ಪದಕಾನೂ ವಾಪಸ್ ಕೊಡಲಿಲ್ಲ." ಹೇಳಿ ಜೋರಾಗಿ ನಕ್ಕರು. "ಅವತ್ತ ನನ್ನ ತಲ್ಯಾಗ ಹುಳ ಹೊಕ್ಕಿತು. ಇಷ್ಟೆಲ್ಲಾ ಬಂದೂಕು ಇದ್ದೂ ಯಾಕ ಸೋತರು? ಅವ್ರಿಗೆ ಈ ಊರಾಗ ಯಾರೂ ಇರಲಿಲ್ಲ ನೋಡು. ಊರಿನ ಸಿಪಾಯಿ ದಂಗಿ ಎದ್ದ ಅಂದ್ರ, ಎದುರಿನ ದಂಡಿನಾಗ ಅವನ ಅಣ್ಣನ ಮಾವ ಇರ್ತಾನ, ತಂಗಿ ಗಂಡ ಇರ್ತಾನ. ಫೋನ್ ಮಾಡಿ ನೀನೂ ಬಾ ಅಂತಾನ. ಬಾಡಿಗಿ ಬಂದೂಕಿಗೆ ಬೀಗರು ಇರೂದಿಲ್ಲವಾ."

ಈ ಕೊನೆಯ ಮಾತನ್ನು ಅವರು ಪ್ರತಿ ವರ್ಷ ಕ್ಲಾಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಬೀಗರು ಎಂದರೆ ಯಾರು ಎಂದು ವಿವರಿಸಲು ಬೋರ್ಡಿನ ಅರ್ಧ ಬೇಕಾಗುತ್ತಿತ್ತು.

ಇನ್ನು 2023ರ ಜೂನ್ ತಿಂಗಳ ಒಂದು ಶನಿವಾರದ ಮಾತು. ನನ್ನನ್ನೂ ಲೆನಾಳನ್ನೂ ಮೇಡಂ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಸುದ್ದಿ ಸಿಡಿದಿತ್ತು. ಉಕ್ರೇನಿನ ಯುದ್ಧದಲ್ಲಿ ರಷ್ಯದ ಪರ ಕಾದುತ್ತಿದ್ದ ಬಾಡಿಗೆ ಪಡೆಯೊಂದು ತನ್ನನ್ನು ಸಾಕಿದವರ ಮೇಲೇ ತಿರುಗಿಬಿದ್ದಿದೆ. ದಕ್ಷಿಣ ರಷ್ಯದ ಒಂದು ನಗರದ ಸೇನಾ ಕಚೇರಿಯನ್ನು ಹಿಡಿದಿದೆ. ಪಡೆಯ ಒಂದು ಭಾಗ ಹೆದ್ದಾರಿ ಹಿಡಿದು ಮಾಸ್ಕೋ ಕಡೆಗೆ ಹೊರಟಿದೆ. ಆ ದಕ್ಷಿಣದ ನಗರ ಲೆನಾಳ ಊರು. ಅವಳ ಅಮ್ಮ ಅಲ್ಲಿ ಒಬ್ಬರೇ ಇದ್ದರು.

ನಾನು ಡ್ರೈವ್ ಮಾಡಿಕೊಂಡು ಫೋರ್ಟ್ ಲೀ ತಲುಪುವ ಹೊತ್ತಿಗೆ ಲೆನಾ ಆಗಲೇ ಬಂದಿದ್ದಳು. ಕಣ್ಣು ಊದಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೇಡಂ ಕೈಯಲ್ಲಿ. ಅಮ್ಮನ ಪಕ್ಕದ ಮನೆಯವರು ಕಾರಿನಲ್ಲಿ ಊರು ಬಿಡುತ್ತಿದ್ದಾರೆ, ಉತ್ತರದ ಹಳ್ಳಿಯಲ್ಲಿ ಅವರ ನೆಂಟರಿದ್ದಾರೆ, ಒಂದು ಸೀಟು ಖಾಲಿಯಿದೆ. ಹೋಗಲೋ ಬೇಡವೋ ಎಂದು ಅಮ್ಮ ಮಗಳನ್ನು ಕೇಳುತ್ತಿದ್ದಾರೆ. ಮಗಳು ಮೇಡಂ ಅವರನ್ನು ಕೇಳುತ್ತಿದ್ದಾಳೆ.

"ನನಗೆ ಗೊತ್ತಿಲ್ಲ" ಎಂದರು ಮೇಡಂ ಮೊದಲು. ಆಮೇಲೆ ಕೈಗೆ ಅಂಟಿದ್ದ ಹಿಟ್ಟು ತೊಳೆದುಕೊಂಡು ಬಂದು ಅವಳ ಎದುರು ಕುಳಿತರು. "ಅಮ್ಮನನ್ನು ಕೇಳು. ಕಿಟಕಿಯಿಂದ ಏನು ಕಾಣುತ್ತದೆ?"

ಲೆನಾ ರಷ್ಯನ್ ಭಾಷೆಯಲ್ಲಿ ಕೇಳಿ, ಇಂಗ್ಲಿಷಿನಲ್ಲಿ ನಮಗೆ ಹೇಳತೊಡಗಿದಳು. ಮೂಲೆಯಲ್ಲಿ ಒಂದು ಟ್ಯಾಂಕ್ ನಿಂತಿದೆ. ಅದರ ಸುತ್ತ ಒಬ್ಬ ಕಸ ಗುಡಿಸುತ್ತಿದ್ದಾನೆ. ಕಾಫಿ ಅಂಗಡಿ ತೆರೆದಿದೆ. ಜನ ಸೈನಿಕರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಪೊಲೀಸರು ಕಾಣುತ್ತಿಲ್ಲ.

"ಟೀವಿಯಲ್ಲಿ?"

ಬೆಳಿಗ್ಗೆ ಅಧ್ಯಕ್ಷರು ಮಾತಾಡಿದರು. ಈಗ ಪ್ರಾಂತ್ಯಗಳ ಮುಖ್ಯಸ್ಥರು ಒಬ್ಬರಾದ ಮೇಲೊಬ್ಬರು ನಾವು ಅಧ್ಯಕ್ಷರ ಕಡೆ ಎನ್ನುತ್ತಿದ್ದಾರೆ.

"ಯಾವನಾದರೂ ಸೇನಾಧಿಕಾರಿ, ಒಬ್ಬನೇ ಒಬ್ಬ, ನಾನು ಈ ದಂಗೆಯವರ ಕಡೆ ಅಂದನೇ?"

ಇಲ್ಲ.

ಮೇಡಂ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೋಡವಾ, ಯಾರೂ ಇವರನ್ನ ತಡ್ಯಾಕ ಬರವಲ್ರು, ಯಾರೂ ಇವರ ಕೂಡ ಹೋಗವಲ್ರು. ದೇಶಕ್ಕ ದೇಶಾನ ಕಿಟಕ್ಯಾಗ ನಿಂತೈತಿ" ಎಂದರು. ಆಮೇಲೆ ಲೆನಾಳಿಗೆ ನಿಧಾನವಾಗಿ ಹೇಳಿದರು. ಊರನ್ನು ಅವರು ಹಿಡಿದಿದ್ದಾರೆ, ಊರಿನಲ್ಲಿ ಯಾರ ಜೊತೆಗೂ ಅವರಿಗೆ ಜಗಳವಿಲ್ಲ. ಗಂಡಾಂತರ ಇರುವುದು ರಸ್ತೆಯ ಮೇಲೆ. ಉತ್ತರಕ್ಕೆ ಹೋಗುವ ರಸ್ತೆಯಲ್ಲೇ ಪಡೆ ಹೊರಟಿದೆ, ಅದನ್ನು ತಡೆಯುವುದಾದರೆ ವಿಮಾನದಿಂದ ಹೊಡೆಯುವುದು ಅಲ್ಲೇ. ಅಮ್ಮ ಕಾರು ಹತ್ತಬಾರದು. ಮನೆಯಲ್ಲೇ ಇರಲಿ, ನೀರು ತುಂಬಿಟ್ಟುಕೊಳ್ಳಲಿ, ಕಿಟಕಿಯ ಹತ್ತಿರ ನಿಲ್ಲದಿರಲಿ.

"ನಿಮಗೆ ಖಾತ್ರಿ ಇದೆಯಾ?" ಲೆನಾ ಕೇಳಿದಳು.

"ಇಲ್ಲ" ಎಂದರು ಮೇಡಂ. "ನಾನು ಹೇಳುವುದು ತಪ್ಪಾಗಬಹುದು. ಆದರೆ ನನ್ನ ಅಮ್ಮ ಅಲ್ಲಿದ್ದಿದ್ದರೆ ಅವಳಿಗೂ ಇದನ್ನೇ ಹೇಳುತ್ತಿದ್ದೆ."

ಲೆನಾ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಚುಟುಕಾಗಿ ಏನೋ ಉತ್ತರ ಬಂತು, ಫೋನ್ ಇಟ್ಟರು. "ಸರಿ, ಹೋಗಲ್ಲ ಅಂದಳು."

ಅಲ್ಲಿಂದ ಊಟದ ಹೊತ್ತಿನವರೆಗೆ ಆ ಮನೆಯಲ್ಲಿ ಕಳೆದ ಕಾಲ ಬಹಳ ಉದ್ದವಾಗಿತ್ತು. ಮೇಡಂ ಮತ್ತೆ ರೊಟ್ಟಿಗೆ ನಿಂತರು. ಎಂದಿಗಿಂತ ಜೋರಾಗಿ ಬಡಿಯುತ್ತಿದ್ದರು. ಯಜಮಾನರು ಮೆಲ್ಲಗೆ, "ಕಡೀಕ ಏನಾಗಬಹುದು?" ಎಂದು ಕೇಳಿದರು.

"ಸಂಜೀತನಕ ಮಾಸ್ಕೋದ ಬಾಗಲಿಗೆ ಮುಟ್ತಾರ ರೀ. ಅಲ್ಲಿ ಬಾಳ ಮಂದಿ ಸಾಯ್ತಾರ. ಸೋಲೂದು ಸೋಲ್ತಾರ, ಆದ್ರ ಅಷ್ಟು ದೂರ ಹೋದಾಂವಗ ತಿರುಗಿ ಬರಾಕ ಆಗೂದಿಲ್ಲ." ಈ ಮಾತನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಆ ಹೊತ್ತು ಅವರ ಮುಖದಲ್ಲಿ ನಾನು ಕಂಡದ್ದು ಹೆದರಿಕೆ. ತಮ್ಮ ಸಲಹೆಗೆ ಒಬ್ಬ ತಾಯಿ ಮನೆಯಲ್ಲಿ ಉಳಿದಿದ್ದಾಳೆ ಎಂಬ ಭಾರ ಅವರ ಹೆಗಲ ಮೇಲೆ ಕುಳಿತಿತ್ತು. ತಟ್ಟೆ ಹಾಕಿದರು, ಯಾರೂ ಸರಿಯಾಗಿ ಉಣ್ಣಲಿಲ್ಲ.

ತಟ್ಟೆ ಎತ್ತುವ ಹೊತ್ತಿಗೆ ಟೀವಿಯಲ್ಲಿ ಕೆಂಪು ಪಟ್ಟಿ ಬಂತು. ಮಾತುಕತೆಯಾಗಿದೆ. ಪಡೆ ಅರ್ಧದಾರಿಯಿಂದ ವಾಪಸ್ ತಿರುಗುತ್ತಿದೆ.

ನಾವು ಮೂವರೂ ಮೇಡಂ ಮುಖ ನೋಡಿದೆವು. ಅವರು ಒದ್ದೆ ಕೈಯಲ್ಲೇ ಸೋಫಾದ ಮೇಲೆ ಕುಳಿತು, ಆ ಪಟ್ಟಿಯನ್ನು ಎರಡು ಸಲ ಓದಿದರು. "ಹೌದೇನು?" ಎಂದು ಟೀವಿಯನ್ನೇ ಕೇಳಿದರು. ಆಮೇಲೆ ಅವರ ಮೈಯೆಲ್ಲ ಕುಲುಕುವಂತೆ ನಗು ಬಂತು. "ನನ್ನ ಲೆಕ್ಕ ತಪ್ಪಿತು! ಪೂರಾ ತಪ್ಪಿತು! ಬಾಳ ಚಲೋ ಆತು!" ಲೆನಾ ಓಡಿಬಂದು ಅವರನ್ನು ಅಪ್ಪಿಕೊಂಡಳು. ಆ ಸಂಜೆ ನಾವು ಎರಡನೆಯ ಸಲ ಊಟಕ್ಕೆ ಕುಳಿತೆವು. ಎಣ್ಣೆಗಾಯಿ ಪಾತ್ರೆ ತಳ ಕಂಡಿತು.

ತಮ್ಮ ಲೆಕ್ಕ ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟ ಪಂಡಿತರನ್ನು ನಾನು ಬೇರೆ ನೋಡಿಲ್ಲ. ಆ ವರ್ಷದ ಮೊದಲ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ತಾವು ಅಂದು ನುಡಿದ ಭವಿಷ್ಯವನ್ನು ಬರೆದು, ಇದು ಯಾಕೆ ತಪ್ಪಾಯಿತು ಹೇಳಿ ಎಂದು ವಿದ್ಯಾರ್ಥಿಗಳನ್ನು ಕೇಳಿದರಂತೆ. ಅಷ್ಟರಲ್ಲಿ ಆ ಪಡೆಯ ನಾಯಕ ವಿಮಾನ ಬಿದ್ದು ಸತ್ತಿದ್ದ. "ಅದರಾಗ ಇನ್ನೂ ಮಂದಿ ಇದ್ರಲ್ಲವಾ, ಪಾಪ" ಎಂದು ಮೇಡಂ ಆಮೇಲೆ ನನ್ನ ಹತ್ತಿರ ಅಂದರು.

ಈಗ ನಿವೃತ್ತಿಯ ನಂತರವೂ ಶನಿವಾರದ ರೊಟ್ಟಿ ನಿಂತಿಲ್ಲ. ಕಳೆದ ಅಕ್ಟೋಬರಿನಲ್ಲಿ ಲೆನಾಳ ಅಮ್ಮ, ವೀಸಾಕ್ಕಾಗಿ ಮೂರನೆಯ ದೇಶವೊಂದಕ್ಕೆ ಎರಡೆರಡು ಸಲ ಅಲೆದು, ಕೊನೆಗೂ ಮಗಳ ಮನೆಗೆ ಬಂದರು. ಬಂದ ಮೊದಲ ವಾರವೇ ಮೇಡಂ ಎಲ್ಲರನ್ನೂ ಕರೆದರು. ಗಟ್ಟಿಮುಟ್ಟಾದ ಹೆಂಗಸು, ತಲೆಗೆ ಹೂವಿನ ಸ್ಕಾರ್ಫ್. ಆಕೆಯೂ ಮೇಡಂ ಅವರೂ ಸುಮಾರು ಒಂದೇ ವಯಸ್ಸಿನವರು. ಒಬ್ಬರ ಭಾಷೆ ಒಬ್ಬರಿಗೆ ಒಂದಕ್ಷರ ಬಾರದು. ಕೈ ಕೈ ಹಿಡಿದು ನಗುತ್ತ ಕುಳಿತರು.

ಸ್ವಲ್ಪ ಹೊತ್ತಾದ ಮೇಲೆ ಮೇಡಂ ಲೆನಾಳಿಗೆ, "ಅಮ್ಮನನ್ನು ಒಂದು ಮಾತು ಕೇಳು. ಅವತ್ತು ಗುರುತಿಲ್ಲದ ನನ್ನ ಮಾತು ನಂಬಿ ಮನೆಯಲ್ಲೇ ಹೇಗೆ ಉಳಿದರು? ನನಗೇ ಖಾತ್ರಿ ಇರಲಿಲ್ಲ" ಎಂದರು.

ಲೆನಾ ಕೇಳಿದಳು. ಅಮ್ಮ ಏನೋ ಹೇಳಿದರು. ಲೆನಾಳ ಮುಖ ಕೆಂಪಾಯಿತು.

"ನಿಮ್ಮ ಮಾತಿಗೆ ಅಲ್ಲವಂತೆ. ಪಕ್ಕದ ಮನೆಯವರು ಬಂದು ಕರೆಯುವ ಮೊದಲೇ ಜಾಮ್ ಮಾಡಲು ಒಂದು ದೊಡ್ಡ ಪಾತ್ರೆ ಚೆರಿ ಒಲೆಯ ಮೇಲೆ ಇಟ್ಟಿದ್ದಳಂತೆ. ಅರ್ಧ ಬೆಂದಿತ್ತು. ಅದನ್ನು ಬಿಟ್ಟು ಯಾರು ಹೋಗ್ತಾರೆ, ಅಂತಿದ್ದಾಳೆ. ನಾನು ಬೇಜಾರು ಮಾಡ್ಕೊಳ್ತೀನಿ ಅಂತ ಫೋನಲ್ಲಿ ಸರಿ ಅಂದಳಂತೆ."

ಯಜಮಾನರು ಬೆಳ್ಳುಳ್ಳಿ ಬಿಟ್ಟು ತಲೆಯೆತ್ತಿದರು. ಆಮೇಲೆ ಮೇಡಂ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಸ್ವೆಟರಿನ ತೋಳಿನಿಂದ ಒರೆಸಿಕೊಂಡರು, ಮತ್ತೆ ನಕ್ಕರು. ಲೆನಾಳ ಅಮ್ಮನಿಗೂ ನಗು ಹತ್ತಿತು. ಅವರು ಎದ್ದು ಒಲೆಯ ಹತ್ತಿರ ಹೋಗಿ, ಹೆಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿರುವುದನ್ನು ಕಂಡು, ಯಾರನ್ನೂ ಕೇಳದೆ ತಿರುವಿ ಹಾಕಿದರು.

ಮೇಡಂ ಆಕೆಯನ್ನೇ ನೋಡುತ್ತ ನನಗೆ ಹೇಳಿದರು: "ಮೂವತ್ತು ವರ್ಷ ನಾ ಬರೇ ಕಿಟಕ್ಯಾಗ ನಿಂತಾವ್ರ ಬಗ್ಗೆ ಪಾಠಾ ಮಾಡಿದೆನವಾ. ಅವತ್ತು ಆ ಊರಾಗ ಎಷ್ಟು ಮಂದಿ ಒಲಿ ಮುಂದ ನಿಂತಿದ್ರೋ ಏನೋ."